ಬೊಬ್ಬೆಗೆ ಹಾಯಿಸಿದ ನೂಲು

ಕುಂದಾಣದ ಬಳಿಯ ರೇಷ್ಮೆ ನೂಲಿನ ಶೆಡ್ಡಿನಲ್ಲಿ ಮುತ್ತಮ್ಮ ಕುಳಿತರೆ ಏಳುವುದು ಮಧ್ಯಾಹ್ನದ ಊಟಕ್ಕೇ. ಎದುರಿಗೆ ಬಿಸಿನೀರಿನ ತೊಟ್ಟಿ, ಅದರಲ್ಲಿ ತೇಲುವ ಗೂಡುಗಳು. ಒಂದೊಂದು ಗೂಡಿನ ಎಳೆಯ ತುದಿಯನ್ನೂ ಬೆರಳಿನಿಂದಲೇ ಹುಡುಕಿ ಚರಕಕ್ಕೆ ಕೊಡಬೇಕು. ಮದುವೆಯಾಗಿ ಬಂದ ವರ್ಷದಿಂದ ಇದೇ ಕೆಲಸ. ಬೆಂದು, ಸುಲಿದು, ಮತ್ತೆ ಬೆಂದು ಅವಳ ಬೆರಳ ತುದಿಗಳು ಕಟ್ಟಿಗೆಯಂತೆ ಗಡುಸಾಗಿದ್ದವು.

ಹೊಸಬರ ಕೈ ಹಾಗಲ್ಲ, ಬೇಗ ಬೊಬ್ಬೆ ಏಳುತ್ತದೆ. ಆಗ ಎಲ್ಲರೂ ಬರುವುದು ಮುತ್ತಮ್ಮನ ಬಳಿಗೆ. ತೊಟ್ಟಿಯಿಂದ ಆಗತಾನೇ ಎತ್ತಿದ ಹಸಿ ನೂಲನ್ನು ಅವಳು ಸೂಜಿಗೆ ಪೋಣಿಸುತ್ತಿದ್ದಳು. ಬೊಬ್ಬೆಯ ಈ ಬದಿಯಿಂದ ಆ ಬದಿಗೆ ಹಾಯಿಸಿ, ನೂಲನ್ನು ಅಲ್ಲೇ ಬಿಟ್ಟು ಗಂಟು ಹಾಕುತ್ತಿದ್ದಳು. ನೀರು ನೂಲಿನ ಗುಂಟ ಇಳಿದುಹೋಗುತ್ತದೆ, ಚರ್ಮ ಕೂತುಕೊಳ್ಳುತ್ತದೆ, ಕೆಲಸ ನಿಲ್ಲುವುದಿಲ್ಲ. ಬಿಸಿನೀರಿನಲ್ಲಿ ಬೆಂದು ಬಂದ ನೂಲಿಗಿಂತ ಶುದ್ಧವಾದದ್ದು ಇನ್ನೇನಿದೆ ಎಂಬುದು ಅವಳ ನಂಬಿಕೆ. ಸತ್ತ ಹುಳುಗಳ ರಸ ದಿನವಿಡೀ ಅದೇ ನೀರಿಗೆ ಸೇರುತ್ತದೆ ಎಂಬುದು ಅವಳ ಯೋಚನೆಗೆ ಬಂದಿರಲಿಲ್ಲ.

ಆಷಾಢದಲ್ಲಿ ಅವಳ ತಮ್ಮ ಗೋವಿಂದರಾಜುವಿನ ಮಗಳು ಅರ್ಪಿತ ಶೆಡ್ಡಿಗೆ ಬಂದಳು. ಮದುಮಗಳ ರವಿಕೆಗೆ ಆರಿ ಕಸೂತಿ ಹಾಕುವುದರಲ್ಲಿ ಅವಳದು ಪಳಗಿದ ಕೈ. ಆಷಾಢದಲ್ಲಿ ಮದುವೆಗಳಿಲ್ಲ, ಕೈ ಖಾಲಿ. ಶ್ರಾವಣ ಬರುವವರೆಗೆ ಅತ್ತೆಯ ಮನೆಯಲ್ಲಿದ್ದು ಕೆಲಸ ಮಾಡುವೆನೆಂದಳು. ಮೊದಲ ವಾರವೇ ಬಲಗೈ ತೋರುಬೆರಳಿನಲ್ಲಿ ದೊಡ್ಡ ಬೊಬ್ಬೆ ಎದ್ದಿತು. ಮುತ್ತಮ್ಮ ನೂಲು ಹಾಯಿಸಿದಳು.

ಪಕ್ಕದ ತೊಟ್ಟಿಯ ಭಾಗ್ಯಮ್ಮ ನಕ್ಕಳು. "ನೋಡ್ರಮ್ಮ, ಸೀರೆಗೆ ಕಟ್ಟೋ ಕುಚ್ಚನ್ನ ಮುತ್ತಕ್ಕ ಸೊಸೆ ಬೆರಳಿಗೇ ಕಟ್ಟವ್ಳೆ!"

"ನಿನ್ನ ಬಾಯಿಗೂ ಒಂದು ಹಾಕ್ತೀನಿ ಇರು," ಎಂದಳು ಮುತ್ತಮ್ಮ.

ಅರ್ಪಿತಳೂ ನಕ್ಕು, ಅದೇ ಕೈಯನ್ನು ಮತ್ತೆ ತೊಟ್ಟಿಗೆ ಅದ್ದಿದಳು.

ಮರುದಿನ ಬಿಳಿಯ ನೂಲು ಹಳದಿಯಾಯಿತು. ಬೆರಳು ಊದಿ ಮಿರಮಿರ ಹೊಳೆಯತೊಡಗಿತು. ಕೆಟ್ಟ ವಾಸನೆಯೂ ಬರುತ್ತಿತ್ತು. ಆದರೆ ಹುಳು ಬೇಯುವ ನಾತದ ನಡುವೆ ಅದು ಯಾರ ಮೂಗಿಗೂ ಬೇರೆಯಾಗಿ ತಿಳಿಯಲಿಲ್ಲ.

"ಅತ್ತೆ, ಒಳಗೆಲ್ಲಾ ಬಡ್ಕೊಂಡಂಗೆ ಆಯ್ತೈತೆ."

"ನೂಲು ನಂಜು ಎಳೀತಾ ಐತೆ ಕಣೆ. ಒಣಗೋವರ್ಗೂ ಮುಟ್ಬ್ಯಾಡ."

ಭಾನುವಾರ ಮಧ್ಯಾಹ್ನ ಅರ್ಪಿತ ಮುದ್ದೆಯನ್ನು ಎಡಗೈಯಲ್ಲಿ ಮುರಿದಳು. ಬಲಗೈ ದುಪಟ್ಟಾದ ಕೆಳಗಿತ್ತು.

"ಇದ್ಯಾವ ಊಟನೇ, ಎಡಗೈಯಾಗೆ? ತೋರ್ಸು ಇಲ್ಲಿ."

ಬೆರಳ ತುದಿ ಕಪ್ಪಿಟ್ಟಿತ್ತು. ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಒಂದು ಕೆಂಪು ಗೆರೆ ಹತ್ತಿತ್ತು. ಇಂಥದನ್ನು ಮುತ್ತಮ್ಮ ಎಂದೂ ಕಂಡಿರಲಿಲ್ಲ. ಆದರೂ ಕೈ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು. ಇನ್ನೊಂದು ಎಳೆ ಹಾಕಿದರೆ ಎಳೆದುಕೊಳ್ಳಬಹುದೆಂದು ಸೂಜಿ ತಂದು ಚುಚ್ಚಿದಳು. ಅರ್ಪಿತ ಬಾಗಿಲಾಚೆ ನೋಡುತ್ತ ಕುಳಿತಿದ್ದಳು.

"ಅತ್ತೆ, ಚುಚ್ಚೋದಾದ್ರೆ ಬೇಗ ಚುಚ್ಬಿಡು. ಭಯ ಆಯ್ತೈತೆ."

ಸೂಜಿ ಆಗಲೇ ಒಳಗಿತ್ತು. ಬೆರಳಿಗೆ ಅದು ತಿಳಿದೇ ಇರಲಿಲ್ಲ.

ಮುತ್ತಮ್ಮ ಎದ್ದು ಬೀದಿಗೆ ಓಡಿದಳು. ಎದುರುಮನೆಯ ಮಂಜೇಶ್ ಆಟೋ ತೆಗೆದ. ಅರ್ಪಿತಳನ್ನು ಕೂರಿಸಿಕೊಂಡು ದೇವನಹಳ್ಳಿಯ ಆಸ್ಪತ್ರೆಗೆ ಹೊರಟರು.

ಆಸ್ಪತ್ರೆಯ ವೈದ್ಯೆ ಚಿಕ್ಕ ವಯಸ್ಸಿನವಳು. ಚಿಮುಟದಲ್ಲಿ ನೂಲೆಳೆದಾಗ ಕೀವು ಸುರಿಯಿತು.

"ಇದನ್ನ ಯಾರಮ್ಮ ಹಾಕಿದ್ದು?"

"ನಾನೇ."

ವೈದ್ಯೆ ಬಯ್ಯಲಿಲ್ಲ. "ಬೊಬ್ಬೆ ಮೇಲಿನ ಚರ್ಮಾನೇ ಅದಕ್ಕೆ ಮುಚ್ಚಳ. ಒಡೀದೆ, ಒಳ್ಳೆ ನೀರಲ್ಲಿ ತೊಳೆದು, ಶುದ್ಧವಾದ ಬಟ್ಟೆ ಸುತ್ತಿ ಕೈಗೆ ಬಿಡುವು ಕೊಟ್ಟಿದ್ರೆ ತಾನಾಗೇ ಒಣಗ್ತಿತ್ತು. ನೀವು ನೂಲಿಟ್ಟು ನಂಜಿಗೆ ಬಾಗಿಲು ತೆಗೆದಿಟ್ರಿ." ಆಮೇಲೆ ಕೆಂಪು ನಿಂತಿದ್ದ ಕಡೆ ಪೆನ್ನಿನಿಂದ ತೋಳಿನ ಮೇಲೆ ಅಡ್ಡಗೆರೆ ಎಳೆದಳು. "ಇಂಜೆಕ್ಷನ್ ಕೊಟ್ಟಿದೀವಿ. ಕೆಂಪು ಇದನ್ನ ದಾಟಿದ್ರೆ ತಕ್ಷಣ ಕರೀರಿ."

ಮುತ್ತಮ್ಮ ಸ್ಟೂಲಿನ ಮೇಲೆ ಕುಳಿತು ಆ ಗೆರೆಯನ್ನೇ ನೋಡತೊಡಗಿದಳು. ಡ್ರಿಪ್ ತೊಟ್ಟಿಕ್ಕುತ್ತಿತ್ತು. ಜ್ವರದಲ್ಲಿ ಅರ್ಪಿತ ಬಡಬಡಿಸಿದಳು. "ಸೂಲಿಬೆಲೆ ಹುಡ್ಗಿ ರವಿಕೆ ಒಪ್ಕೊಂಡಿದೀನಿ ಅತ್ತೆ. ನವಿಲು ಕೇಳವ್ಳೆ."

"ಹಾಕ್ಕೊಡುವಂತೆ. ಮಲ್ಕೊ ಮಗ."

ಸಂಜೆಯ ಬಿಸಿಲು ಕಿಟಕಿಯಿಂದ ತೋಳಿನ ಮೇಲೆ ಬಿತ್ತು. ಗೆರೆಯ ಆಚೆ ಕೆಂಪು ಕಂಡಿತು. ಬಿಸಿಲಿನದಿರಬೇಕು ಎಂದುಕೊಂಡು ಮುತ್ತಮ್ಮ ಪರದೆ ಎಳೆದಳು. ಕೆಂಪು ಅಲ್ಲೇ ಇತ್ತು.

"ಡಾಕ್ಟ್ರಮ್ಮಾ!"

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳುಹಿಸಬೇಕು ಎಂದರು. ಬೆರಳು ಉಳಿಯುವುದಿಲ್ಲ, ಕೈಯನ್ನಾದರೂ ಉಳಿಸಿಕೊಳ್ಳಬೇಕು. ಅರ್ಪಿತಳನ್ನು ಆಂಬುಲೆನ್ಸಿಗೆ ಏರಿಸಿದರು. ಹೊರಗೆ ಕಾಯುತ್ತಿದ್ದ ಮಂಜೇಶ್ ಹತ್ತಿರ ಬಂದ.

"ನಾನೂ ಹಿಂದೆ ಬರ್ತೀನಿ ಮುತ್ತಕ್ಕ."

"ಬ್ಯಾಡ. ನೀನು ಊರಿಗೆ ಹೋಗು." ಅವಳು ಅವನ ತೋಳು ಹಿಡಿದುಕೊಂಡಳು. "ಈ ವಾರ ಇನ್ನಿಬ್ರು ಹೊಸ ಹುಡ್ಗೀರಿಗೂ ಹಾಕಿದೀನಿ ಕಣಪ್ಪಾ. ನನ್ನ ನೂಲು ಅವ್ರ ಕೈಯಾಗೇ ಐತೆ. ಅವ್ರ ಮನೆ ಎಲ್ಲೈತೆ ಅಂತ ಭಾಗ್ಯಮ್ಮಂಗೆ ಗೊತ್ತು. ತಡ ಮಾಡ್ಬ್ಯಾಡ, ಇಬ್ರನ್ನೂ ಈ ಆಸ್ಪತ್ರೆಗೆ ಕರ್ಕೊಂಬಾ."

ಅವಳು ಹತ್ತುತ್ತಲೇ ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಮಂಜೇಶ್ ಆಟೋ ತಿರುಗಿಸಿ ಕುಂದಾಣದ ದಾರಿ ಹಿಡಿದ.