ಜೂನ್ ಒಂದರಂದು ಹುಟ್ಟಿದ ನಾಯಿ

ಮೊದಲಿಗೆ ಒಂದು ತಪ್ಪೊಪ್ಪಿಗೆ. ದೇವದುರ್ಗ, ಮಾನ್ವಿ ತಾಲ್ಲೂಕುಗಳ ಕಡೆ ಹೋದಾಗ ಜೂನ್ ಒಂದನೇ ತಾರೀಖು ಹುಟ್ಟಿದವರು ನಿಮಗೆ ಹಿಂಡುಹಿಂಡಾಗಿ ಸಿಕ್ಕರೆ ಗಾಬರಿಯಾಗಬೇಡಿ. ಅವರಲ್ಲಿ ಕೆಲವು ನೂರು ಮಂದಿಗೆ ಆ ಹುಟ್ಟುಹಬ್ಬ ದಾನ ಮಾಡಿದವಳು ನಾನೇ. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯ ಅಕ್ಕೋರಾಗಿದ್ದೆ. ಮಗುವನ್ನು ಸೇರಿಸಲು ಬಂದ ತಾಯಿಗೆ, "ಯಾವಾಗ ಹುಟ್ಯಾನವ್ವ?" ಎಂದು ಕೇಳಿದರೆ, "ಸಜ್ಜಿ ಕೊಯ್ಯಾಗ್ರೀ ಅಕ್ಕೋರ" ಎನ್ನುತ್ತಿದ್ದಳು. ಯಾವ ವರ್ಷದ ಸಜ್ಜೆ ಎಂದರೆ ನನ್ನ ಮುಖವನ್ನೇ ನೋಡುತ್ತಿದ್ದಳು. ದಾಖಲಾತಿ ಪುಸ್ತಕದಲ್ಲಿ ಸಜ್ಜೆಗೆ ಕಾಲಂ ಇಲ್ಲ. ಹಾಗಾಗಿ ಜೂನ್ ಒಂದು. ವಯಸ್ಸು ಸಾಲದು ಅನ್ನಿಸಿದರೆ ನನ್ನ ಕಡೆಯಿಂದ ಒಂದೆರಡು ವರ್ಷ ಸೇರಿಸಿ ಬರೆದುಬಿಡುತ್ತಿದ್ದೆ. ಈ ವರ್ಷ ಬೇಡವೆಂದು ಕಳಿಸಿದರೆ ಬರುವ ವರ್ಷ ಆ ಮಗು ಶಾಲೆಗೆ ಬರುತ್ತಿರಲಿಲ್ಲ, ಹತ್ತಿ ಬಿಡಿಸಲು ಹೋಗುತ್ತಿತ್ತು. ನನ್ನ ಹುಟ್ಟುಹಬ್ಬವೂ ಜೂನ್ ಒಂದೇ ಅನ್ನಿ. ಅದು ನನ್ನ ಅಕ್ಕೋರು ನನಗೆ ಕೊಟ್ಟದ್ದು.

ಮನುಷ್ಯರಿಗೆ ಮಾಡಿದ್ದು ಮಾಡಿದೆ. ನಿವೃತ್ತಿಯಾದ ಮೇಲೂ ಈ ಕೈ ಸುಮ್ಮನಿರಲಿಲ್ಲ, ನಮ್ಮ ನಾಯಿಗೂ ಅದನ್ನೇ ಮಾಡಿತು.

ನಾಯಿಯ ಹೆಸರು ಹಂಡ್ಯಾ. ಕಪ್ಪು ಮೈಯ ಮೇಲೆ ಯಾರೋ ಸುಣ್ಣದ ಕೈ ಒರೆಸಿದ ಹಾಗೆ ಬಿಳಿ ಮಚ್ಚೆಗಳು. ಏಳು ವರ್ಷದ ಹಿಂದೆ ಪೋತ್ನಾಳದ ಹತ್ತಿರ ನನ್ನ ಕೊನೆಯ ಶಾಲೆ. ಪಕ್ಕದ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಕುರಿಯವ ದೇವದುರ್ಗದ ಕಡೆಯ ಬೀರಪ್ಪ. ಅವನ ನಾಯಿಗೆ ಯಾವುದೋ ಟ್ರ್ಯಾಕ್ಟರ್ ತಾಗಿ ಹಿಂಗಾಲು ಮುರಿದಿತ್ತು. ಹಿಂಡು ಮುಂದಿನ ಊರಿಗೆ ಹೊರಟ ದಿನ ಬೀರಪ್ಪ ಶಾಲೆಯ ಕಟ್ಟೆಯ ಮೇಲೆ ನಾಯಿಯನ್ನು ಮಲಗಿಸಿ, "ಇಂವಗ ನಡಿಯಾಕ ಆಗಂಗಿಲ್ರೀ ಅಕ್ಕೋರ. ತಿಂಗಳದಾಗ ಬಂದು ಒಯ್ತೀನಿ, ಅಲ್ಲೀತನಕ ಒಂದ್ ತುತ್ತು ಹಾಕ್ರಿ" ಎಂದ. ತಿಂಗಳ ಬಳಿಕ ಬಂದೂ ಬಂದ. ಅಷ್ಟರಲ್ಲಿ ನಾಯಿ ನನ್ನ ಕುರ್ಚಿಯ ಕೆಳಗೆ ಕಾಯಂ ಹುದ್ದೆಗೆ ಸೇರಿಬಿಟ್ಟಿತ್ತು. ಬೀರಪ್ಪ ಅವನನ್ನೂ ನೋಡಿದ, ನನ್ನನ್ನೂ ನೋಡಿದ, ಚಹಾ ಕುಡಿದು ಹೊರಟುಹೋದ. ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಹಂಡ್ಯಾನೂ ನನ್ನೊಂದಿಗೆ ರಾಯಚೂರಿಗೆ ಬಂದ.

ಇನ್ನು ವಿಮೆಯ ಕತೆ. ಶರಣಪ್ಪ ಎಂಬವನು ಮಾನ್ವಿಯಲ್ಲಿ ವಿಮೆಯ ಏಜೆಂಟ್. ದೇವದುರ್ಗದ ಹಳ್ಳಿಯಲ್ಲಿ ನನ್ನ ಬಳಿ ಒಂದನೇ ಇಯತ್ತೆಯಿಂದ ಕಲಿತವನು. ಐದು ವರ್ಷದ ಹಿಂದೆ ನನ್ನ ಸ್ಕೂಟಿಯ ವಿಮೆ ಮಾಡಿಸಲು ಮನೆಗೆ ಬಂದಿದ್ದಾಗ, "ಈಗ ನಾಯಿಗೂ ಪಾಲಿಸಿ ಬಂದದ ನೋಡ್ರಿ ಅಕ್ಕೋರ" ಎಂದ. ಎಮ್ಮೆಯ ಕಿವಿಗೆ ವಿಮೆಯ ಬಿಲ್ಲೆ ಹೊಡೆಯುವುದನ್ನು ಕಂಡಿದ್ದೆ, ನಾಯಿಗೂ ಉಂಟೆಂದು ಗೊತ್ತಿರಲಿಲ್ಲ. ತಮಾಷೆಗೆಂದು ಒಪ್ಪಿಕೊಂಡೆ. ಅವನು ಅರ್ಜಿ ಕೊಟ್ಟ, ನಾನು ಪೆನ್ನು ತೆಗೆದೆ. ಹುಟ್ಟಿದ ದಿನಾಂಕ ಎಂದು ಕಂಡಿತೋ ಇಲ್ಲವೋ, ಮೂವತ್ತೆರಡು ವರ್ಷದ ರೂಢಿ ನೋಡಿ, ಕೈ ತಾನಾಗಿ ಜೂನ್ ಒಂದು ಎಂದು ಬರೆಯಿತು. ನಾಯಿಗೆ ಐದು ವರ್ಷವಿರಬಹುದು ಎಂಬುದು ನನ್ನ ಅಂದಾಜು. ಕೈ ಅದಕ್ಕೂ ಎರಡು ಸೇರಿಸಿ ಏಳು ಮಾಡಿತು. ಯಾಕೆ ಎಂದು ಕೇಳಬೇಡಿ. ನಾಯಿಯನ್ನು ಒಂದನೇ ಇಯತ್ತೆಗೆ ಸೇರಿಸುವುದಿತ್ತೇ?

ಅಂದಿನಿಂದ ಹಂಡ್ಯಾ ದಾಖಲೆಯಲ್ಲಿ ಬೇಗ ಬೇಗ ಮುದುಕನಾಗತೊಡಗಿದ. ಪ್ರತಿ ವರ್ಷ ಕಂತು ಏರಿತು. ಈ ವರ್ಷದ ಕಾಗದ ಬಂದಾಗ ಕನ್ನಡಕ ಒರೆಸಿ ಎರಡು ಸಲ ಓದಿದೆ. ಹೋದ ವರ್ಷದ ದುಪ್ಪಟ್ಟು! ಜೊತೆಗೆ, ಹನ್ನೆರಡು ತುಂಬಿದ ನಾಯಿಗೆ ಏನೇನಕ್ಕೆ ಹಣ ಕೊಡುವುದಿಲ್ಲ ಎಂಬ ಎಂಟು ಪುಟದ ಪಟ್ಟಿ. ಸೊಂಟ ಇಲ್ಲ, ಕೀಲು ಇಲ್ಲ, ಹಲ್ಲು ಇಲ್ಲ, ಕಣ್ಣು ಇಲ್ಲ, ಗಂಟುಗಡ್ಡೆ ಇಲ್ಲ. ಓದಿ ಮುಗಿಸಿ ಹಂಡ್ಯಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಉಳಿದದ್ದು ಬಾಲ ಒಂದೇ.

ನಾನು ಸಿಟ್ಟಿನ ಹೆಂಗಸು. ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆ ಸಕ್ಕರೆಯಂಥ ದನಿಯ ಹುಡುಗಿ, "ವಯಸ್ಸಾದ ಪೆಟ್‌ಗಳಲ್ಲಿ ರಿಸ್ಕ್ ಜಾಸ್ತಿ ಇರುತ್ತೆ ಮೇಡಂ" ಎಂದಳು. "ವಯಸ್ಸಾಗದ ನಾಯಿ ಎಲ್ಲಿ ಸಿಗ್ತದವ್ವ? ಸಿಕ್ಕರ ನನಗೂ ಒಂದು ಹೇಳು" ಎಂದೆ. ಅವಳು ಬೇರೆ ಏನಾದರೂ ಸಹಾಯ ಬೇಕೇ ಎಂದು ಕೇಳಿದಳು. ಪಾಪ, ಅವಳದೇನು ತಪ್ಪು. ಆದರೆ ಈ ಲೆಕ್ಕ ನನಗೆ ಇಂದಿಗೂ ಅರ್ಥವಾಗಿಲ್ಲ. ನಾಯಿ ಗುಂಡುಕಲ್ಲಿನ ಹಾಗಿದ್ದಾಗ ನಗುನಗುತ್ತ ಹಣ ತೆಗೆದುಕೊಂಡರು. ಈಗ ಅದು ಮೆಟ್ಟಿಲು ಹತ್ತಲು ಒದ್ದಾಡುವಾಗ ಹೆಚ್ಚು ಕೊಡು ಅನ್ನುತ್ತಾರೆ, ಕಡಿಮೆ ತಗೋ ಅನ್ನುತ್ತಾರೆ. ಹಿಂದೆ ನಮ್ಮ ನಾಡಿನಲ್ಲಿ ಕಾಡುಹಂದಿಯೊಡನೆ ಕಾದಾಡಿ ಸತ್ತ ನಾಯಿಗೆ ಕಲ್ಲು ನೆಟ್ಟು ಶಾಸನ ಬರೆಸಿದ್ದರಂತೆ. ಮಕ್ಕಳಿಗೆ ನಾನೇ ಆ ಪಾಠ ಹೇಳುತ್ತಿದ್ದೆ. ಅದರಲ್ಲಿ ನಾಯಿಯ ಹೆಸರಿದೆ, ಅದರ ಶೌರ್ಯವಿದೆ. ವಯಸ್ಸು ಬರೆದ ನೆನಪು ನನಗಿಲ್ಲ.

ಇಷ್ಟೇ ಆಗಿದ್ದರೆ ಕಾಗದ ಹರಿದು ಒಲೆಗೆ ಹಾಕಿ ಸುಮ್ಮನಾಗುತ್ತಿದ್ದೆ. ಅದೇ ವಾರ ಹಂಡ್ಯಾನ ಮೈ ತಿಕ್ಕುವಾಗ ತೊಡೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತು. ದನದ ಡಾಕ್ಟರ ಬಳಿ ಕರೆದೊಯ್ದೆ. ಅವರು ಪಾಲಿಸಿಯ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. "ಹನ್ನೆರಡು ಅಂತ ಅದ ಮೇಡಮ್ರೀ."

"ನಾನು ಕೈತಪ್ಪಿ ಬರೆದದ್ದು. ಹತ್ತು ಇರಬಹುದು."

"ಹತ್ತಾದ್ರ ನಾಳೆನ ಕೊಯ್ದು ತಗೀತೀನಿ. ಹನ್ನೆರಡು ಅಂದ್ರ ಅರವಳಿಕೆ ಕೊಟ್ಟ ಮ್ಯಾಲ ಏಳ್ತಾನೋ ಇಲ್ಲೋ, ನಾ ಮಾತು ಕೊಡಂಗಿಲ್ಲ. ಹಲ್ಲು ನೋಡಿ ಹೇಳೋಣಂದ್ರ ಕಲ್ಲು ಕಡಿದು ಸವೆಸ್ಯಾನ. ಖರೇ ವಯಸ್ಸು ತಿಳ್ಕೊಂಡು ಬರ್ರಿ. ಭಾಳ ದಿನ ಬಿಡಬ್ಯಾಡ್ರಿ, ಅದು ಬೆಳಿಯಾಕತ್ತದ."

ಆ ದಿನ ಮನೆಗೆ ಬಂದು ಊಟ ಸೇರಲಿಲ್ಲ. ನನ್ನ ಒಂದು ಕೈಬರಹಕ್ಕೆ ಈ ಪ್ರಾಣಿಯ ಜೀವ ಸಿಕ್ಕಿಹಾಕಿಕೊಂಡಿತ್ತು. ಶರಣಪ್ಪನಿಗೆ ಫೋನ್ ಮಾಡಿ, ವಯಸ್ಸು ತಿದ್ದಿಸಬೇಕು, ಹತ್ತು ಅಂತಾದರೆ ಗಂಟಿನ ಖರ್ಚನ್ನೂ ಕಂಪನಿ ಕೊಡುತ್ತದೆಯಲ್ಲ ಎಂದೆ. ಅವನು, "ಬರದದ್ದು ಬರದಂಗ ಅಂತಾರ್ರೀ ಅಕ್ಕೋರ ಕಂಪನ್ಯಾಗ. ನಾಯಿ ಹುಟ್ಟಿದ್ದು ನೋಡಿದವರು ಯಾರರ ಬರದುಕೊಟ್ರ ನೋಡೋಣು" ಎಂದ.

ನೋಡಿದವನು ಬೀರಪ್ಪ ಒಬ್ಬನೇ. ದೇವದುರ್ಗದ ಕಡೆ ಒಂದು ಹೊಲದಲ್ಲಿ ಅವನ ಕುರಿಗಳಿವೆ ಎಂದು ತಿಳಿಯಿತು. ಮರುದಿನ ಬೆಳಗಿನ ಜಾವಕ್ಕೇ ಶರಣಪ್ಪ ಕಾರು ತಂದ. ಹಿಂದಿನ ಸೀಟಿನಲ್ಲಿ ಹಂಡ್ಯಾ, ಕಿಟಕಿಯ ಹೊರಗೆ ಅವನ ಮೂಗು. ಊರು ದಾಟಿದ ಮೇಲೆ ಶರಣಪ್ಪ ರಸ್ತೆ ನೋಡುತ್ತಲೇ ಹೇಳಿದ: "ನನಗೂ ಎರಡು ವರ್ಷ ಹಾಕಿದ್ರಿ, ನೆನಪದ ಏನ್ರೀ?"

ನೆನಪಿತ್ತು. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕುವಾಗ ಅವನಿಗೆ ದಾಖಲೆಯ ಪ್ರಕಾರ ವಯಸ್ಸು ನಾಲ್ಕು ತಿಂಗಳು ಮೀರಿತ್ತು. ನನ್ನ ಶಾಲೆಗೆ ಬಂದು, ತಿದ್ದಿಕೊಡಿ ಎಂದು ಕೈಮುಗಿದಿದ್ದ. ನಾನು ಕನ್ನಡಕದ ಮೇಲಿಂದ ನೋಡಿ, "ಬರದದ್ದು ಬರದಂಗ, ಶರಣಪ್ಪ" ಎಂದಿದ್ದೆ. ಅದೇ ಮಾತು! ಫೋನಿನಲ್ಲಿ ಅವನು ಹೇಳಿದಾಗ ಎಲ್ಲಿಯೋ ಕೇಳಿದ ಹಾಗಿದೆ ಎನ್ನಿಸಿತ್ತು, ನನ್ನದೇ ಎಂದು ಹೊಳೆದಿರಲಿಲ್ಲ. ಕಾರಿನಲ್ಲಿ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

"ತಪ್ಪಾತಪ್ಪ" ಎಂದೆ. "ಸಾಲಿಗಿ ಬರಲಿ ಅಂತ ಹಾಕಿದ್ದು. ಮುಂದಿಂದು ನನಗ ಕಾಣಲಿಲ್ಲ. ಕಂಡ ಮ್ಯಾಲೂ ತಿದ್ದಾಕ ಓಡಾಡಲಿಲ್ಲ ನೋಡು, ಅದು ನಂದ ತಪ್ಪು."

"ಇರಲಿ ಬಿಡ್ರಿ. ಸಾಲಿಗಿ ಹಾಕ್ಕೊಳ್ಳದಿದ್ರ ಅರ್ಜಿ ಓದಾಕರ ಎಲ್ಲಿ ಬರ್ತಿತ್ತು" ಎಂದು ಅವನು ಗೇರು ಬದಲಿಸಿದ. ಅವನ ದೊಡ್ಡತನಕ್ಕೆ ನನ್ನ ನಾಚಿಕೆ ಇನ್ನಷ್ಟು ಹೆಚ್ಚಾಯಿತು.

ನಾವು ಮುಟ್ಟಿದಾಗ ಬಿಸಿಲು ಏರುತ್ತಿತ್ತು. ಕುರಿಗಳು ಇನ್ನೂ ಬಲೆ ಸುತ್ತಿದ ದೊಡ್ಡಿಯೊಳಗಿದ್ದವು. ಬೀರಪ್ಪನಿಗೆ ಮೀಸೆ ನೆರೆತಿತ್ತು. ಕಾರಿನಿಂದ ಕುಂಟುತ್ತ ಇಳಿದ ಹಂಡ್ಯಾನನ್ನು ನೋಡಿ, "ಯಪ್ಪಾ! ಇನ್ನಾ ಅದಾನೇನ್ರೀ ಇಂವ!" ಎಂದು ಕುಕ್ಕರಗಾಲಲ್ಲಿ ಕುಳಿತು ಅವನ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದ. ಹಂಡ್ಯಾ ಏಳು ವರ್ಷದಲ್ಲಿ ನನ್ನ ಮುಂದೆ ಒಮ್ಮೆಯೂ ಮಾಡದ ಒಂದು ದನಿ ಮಾಡಿದ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದೇ ಹೇಳುತ್ತೇನೆ.

ವಯಸ್ಸು ಕೇಳಿದೆ. ಬೀರಪ್ಪನಿಗೆ ಯೋಚಿಸಬೇಕಾಗಲೇ ಇಲ್ಲ. "ನನ್ನ ಮಗಳು ಹುಟ್ಟಿದ ವಾರನ ಹುಟ್ಯಾನ್ರೀ. ಎಳ್ಳಮಾಸಿ ಇನ್ನಾ ಎರಡು ದಿನ ಇತ್ತು. ಆಕಿಗೀಗ ಹದಿಮೂರು."

ಹದಿಮೂರು! ಹತ್ತೂ ಅಲ್ಲ, ಹನ್ನೆರಡೂ ಅಲ್ಲ. ನಾನು ಸುಳ್ಳೇ ಸೇರಿಸಿದ ಎರಡು ವರ್ಷವೂ ಸಾಲದೆ ಮೇಲೊಂದು. ನನಗೆ ಕೂರಲು ಜಾಗ ಬೇಕಾಯಿತು. ಬೀರಪ್ಪ ಕಂಬಳಿ ಹಾಸಿದ. ಮಾತು ಹೊರಳಿಸಲು, ಮಗಳ ಹುಟ್ಟಿದ ದಿನ ಶಾಲೆಯಲ್ಲಿ ಎಳ್ಳು ಅಮಾವಾಸ್ಯೆಯ ಲೆಕ್ಕಕ್ಕೇ ಬರೆಸಿದ್ದೀಯಲ್ಲ ಎಂದು ಕೇಳಿದೆ. "ಇಲ್ರೀ, ಅಲ್ಲಿ ಯಾರೋ ಅಕ್ಕೋರು ಜೂನ್ ಒಂದು ಅಂತ ಬರದಾರ" ಎಂದ. ಶರಣಪ್ಪ ಆ ಕಡೆ ಮುಖ ತಿರುಗಿಸಿ ನಕ್ಕ.

ಅಷ್ಟರಲ್ಲಿ ನಾಯಿಗಳ ಊಟದ ಹೊತ್ತಾಯಿತು. ಬೀರಪ್ಪನ ಹೆಂಡತಿ ಜೋಳದ ರೊಟ್ಟಿ ಮುರಿದು ಆಡಿನ ಹಾಲಿನಲ್ಲಿ ಕಲಸಿ, ಹೊಲದಲ್ಲಿ ದನಕ್ಕೆ ನೀರು ಹಾಕುವ ಕಲ್ಲಿನ ದೋಣಿಗೆ ಸುರಿದಳು. ಹುಲಿಮರಿಗಳಂಥ ಮೂರು ನಾಯಿಗಳು ಬಂದು ನಿಂತವು, ಬಾಯಿ ಮಾತ್ರ ಹಾಕಲಿಲ್ಲ. ಹಂಡ್ಯಾ ಕಾಲೆಳೆಯುತ್ತ ನೆಟ್ಟಗೆ ದೋಣಿಗೆ ಹೋಗಿ ತಿನ್ನತೊಡಗಿದ. ಅತಿಥಿ ಎಂಬ ಸಂಕೋಚವೂ ಇಲ್ಲ! ಈಗ ಕಚ್ಚಿ ಹರಿದುಹಾಕುತ್ತವೆ ಎಂದು ನಾನು ಎದ್ದೆ.

"ಕುಂದರ್ರಿ ಅಕ್ಕೋರ, ಏನೂ ಮಾಡಂಗಿಲ್ಲ" ಎಂದ ಬೀರಪ್ಪ. "ನಮ್ಮ ಹಿಂಡಿನ್ಯಾಗ ಹಳೇ ನಾಯಿ ಮೊದಲ ಉಣ್ತದ. ಮರಿ ಇದ್ದಾಗಿಂದ ಹಂಗ ಕಲಿಸಿರ್ತೀವಿ. ಇಷ್ಟು ವರ್ಷ ತೋಳದಿಂದ ಹಿಂಡು ಕಾದಾವ, ಇನ್ನೇನು ಕೇಳೂದದ ಅವನ್ನ?"

ಇನ್ನೇನು ಕೇಳುವುದಿದೆ! ಇಷ್ಟು ಸರಳವಾದ ಮಾತನ್ನು ಹೇಳಲು ಆ ಕಂಪನಿಗೆ ಎಂಟು ಪುಟ ಸಾಲಲಿಲ್ಲ. ವಯಸ್ಸಾದಂತೆ ಪಾಲು ಮುಂದೆ ಬರುವ ಒಂದು ಜಾಗ ನಮ್ಮ ಜಿಲ್ಲೆಯಲ್ಲೇ ಇತ್ತು, ಅಲ್ಲಿಂದ ಬಂದವನನ್ನು ನಾನು ಐದು ವರ್ಷ ಕಂತಿನ ಮೇಲೆ ಸಾಕಿದ್ದೆ. ನಾನು ಗಂಟಿನ ವಿಷಯ ಹೇಳಿದೆ. ಕೊಯ್ಯಿಸಲೋ, ಇದ್ದಷ್ಟು ದಿನ ಇರಲಿ ಎಂದು ಬಿಡಲೋ ಎಂದು ಅವನನ್ನೇ ಕೇಳಿದೆ. ಬೀರಪ್ಪ ದೋಣಿಯ ಕಡೆ ಗದ್ದ ತೋರಿಸಿದ. "ಉಣ್ಣಾಕತ್ತಾನಲ್ರೀ ಯವ್ವಾ. ಉಣ್ಣೂದು ಬಿಟ್ಟ ದಿನ ಆಸೆ ಬಿಡ್ರಿ."

ಹೊರಡುವಾಗ ಶರಣಪ್ಪ ಮೆಲ್ಲಗೆ, "ಹತ್ತು ಅಂತ ಬರಸ್ಕೊಂಡು ಬೀರಪ್ಪನ ಹೆಬ್ಬಟ್ಟು ಹಾಕಸೋಣೇನ್ರೀ? ಯಾರಿಗಿ ಗೊತ್ತಾಗ್ತದ" ಎಂದ. ನನ್ನ ಮೇಲಿನ ಪ್ರೀತಿಗೇ ಕೇಳಿದ, ಗೊತ್ತು. "ಬ್ಯಾಡಪ್ಪ" ಎಂದೆ. "ನಿನ್ನ ವಯಸ್ಸಿನ್ಯಾಗ ಕೈ ಆಡಿಸಿದ್ದ ಸಾಕಾಗ್ಯದ ನನಗ. ಇಂವ ಹದಿಮೂರೂ ವರ್ಷ ಬದುಕ್ಯಾನ. ಒಂದೂ ಬಿಟ್ಟುಕೊಡಂಗಿಲ್ಲ." ಕಂಪನಿಗೆ ಕಾರಿನಲ್ಲೇ ಕುಳಿತು ಫೋನ್ ಮಾಡಿದೆ. ನಾಯಿಗೆ ಹದಿಮೂರು ಎಂದೆ, ನಿಮ್ಮ ಪಾಲಿಸಿ ಬೇಡ ಎಂದೆ. ಆ ಕಡೆಯ ಹುಡುಗಿ ಕಾರಣ ಕೇಳಿದಳು. "ನಮ್ಮಲ್ಲಿ ಹಳೇ ನಾಯಿ ಮೊದಲು ಉಣ್ತದವ್ವ" ಎಂದೆ. ಬರೆದುಕೊಂಡಳೋ ಇಲ್ಲವೋ ತಿಳಿಯದು.

ಮರುದಿನವೇ ಆಸ್ಪತ್ರೆಗೆ ಹೋದೆ. ಹದಿಮೂರು ಎಂದು ಕೇಳಿ ಡಾಕ್ಟರು ಬಹಳ ಹೊತ್ತು ಹಂಡ್ಯಾನ ಎದೆಗೆ ಕೊಳವೆ ಇಟ್ಟು ಆಲಿಸಿದರು. ಆಮೇಲೆ, "ಎದಿ ಗಟ್ಟಿ ಅದ. ಆದ್ರೂ ಏನರ ಆದ್ರ ನನ್ನ ಬೈಬ್ಯಾಡ್ರಿ" ಎಂದು ಒಪ್ಪಿಗೆಯ ಅರ್ಜಿ ಮುಂದಿಟ್ಟರು. ಹುಟ್ಟಿದ ದಿನಾಂಕದ ಮುಂದೆ ಕೈ ರೂಢಿಯಂತೆ ಜೂನ್ ಕಡೆಗೆ ಹೊರಟಿತ್ತು. ಹಿಡಿದು ನಿಲ್ಲಿಸಿದೆ. ಎಳ್ಳಮಾಸಿಗೆ ಎರಡು ದಿನ ಮೊದಲು ಎಂದು ಬರೆದೆ. ವಯಸ್ಸಿನ ಕಾಲಂನಲ್ಲಿ ಹದಿಮೂರು ಎಂದು ಬರೆದು, ಪಕ್ಕದಲ್ಲಿ ಸೇರಿಸಿದೆ: "ಉಣ್ಣುತ್ತಾನೆ." ನನ್ನ ಸೇವಾವಧಿಯಲ್ಲಿ ಯಾವ ಕಾಲಂ ಅನ್ನೂ ನಾನು ಅಷ್ಟು ಸತ್ಯವಾಗಿ ತುಂಬಿದ್ದಿಲ್ಲ.

ಹೊರಗಿನ ಬೆಂಚಿನ ಮೇಲೆ ಶರಣಪ್ಪನೂ ನಾನೂ ಕುಳಿತೆವು. ಅವನು ತನ್ನ ಕೆಲಸ ಬಿಟ್ಟು ಬಂದಿದ್ದ. ನಾನು ದೇವರಿಗೆ ಹರಕೆ ಹೊತ್ತೆ, ಬೈದೆ, ಮತ್ತೆ ಹರಕೆ ಹೊತ್ತೆ. ಒಳಗಿನಿಂದ ಡಾಕ್ಟರು ಬಂದು, ಗಂಟು ತೆಗೆದಾಯಿತು, ಎದ್ದರೆ ಗೆದ್ದ ಹಾಗೆ ಎಂದರು. ಮಧ್ಯಾಹ್ನ ಕಳೆದು ಮೂರು ಗಂಟೆಗೆ ಹಂಡ್ಯಾ ಕಣ್ಣು ಬಿಟ್ಟ. ನನ್ನನ್ನು ಗುರುತಿಸಿದ ಎಂದು ಹೇಳಲಾರೆ. ಆದರೆ ಶರಣಪ್ಪನ ಕೈಯಲ್ಲಿದ್ದ ಬನ್ನನ್ನು ಗುರುತಿಸಿದ.

ಇದಾಗಿ ನಾಲ್ಕು ತಿಂಗಳು. ಹಂಡ್ಯಾ ಇನ್ನೂ ಕುಂಟುತ್ತಾನೆ, ಮಲಗಿದಲ್ಲೇ ಬೊಗಳುತ್ತಾನೆ. ಎಷ್ಟು ದಿನವೋ ನನಗೆ ಗೊತ್ತಿಲ್ಲ, ಗೊತ್ತೆಂದು ಹೇಳುವವರಿಗೆ ನಾನಿನ್ನು ಕಂತು ಕಟ್ಟುವುದಿಲ್ಲ. ನಮ್ಮ ಮನೆಯಲ್ಲಿ ಮೊದಲ ರೊಟ್ಟಿ ಅವನದು, ಆಮೇಲೆ ನನ್ನದು.

ನಿನ್ನೆ ನನ್ನ ಸ್ವಂತ ಆರೋಗ್ಯ ವಿಮೆಯ ಕಾಗದ ಬಂದಿದೆ. ಅಲ್ಲಿಯೂ ಕಂತು ಏರಿದೆ, ಅಲ್ಲಿಯೂ ಮೊಣಕಾಲು ಇಲ್ಲ, ಕಣ್ಣು ಇಲ್ಲ. ವಯಸ್ಸು ದೃಢಪಡಿಸಿ ಎಂದು ಚೌಕಾಕಾರದ ಒಂದು ಪುಟ್ಟ ಜಾಗ ಬಿಟ್ಟಿದ್ದಾರೆ. ಪೆನ್ನು ತೆಗೆದು ಕೂತಿದ್ದೇನೆ. ಅಂಕಿ ಬರೆದ ಮೇಲೂ, ಸಣ್ಣ ಅಕ್ಷರದಲ್ಲಿ ಬರೆದರೆ, "ಉಣ್ಣುತ್ತಾಳೆ" ಎಂಬುದಕ್ಕೆ ಸರಿಯಾಗಿ ಜಾಗ ಸಾಕಾಗುತ್ತದೆ.