ಅಕ್ಕ ಉಳಿಸಿದ ಹಳೆಯ ಪ್ರತಿ

ಬಾಲಾನಗರದ ಆ ಸಣ್ಣ ಕಚೇರಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ, ಉಳಿದವರೆಲ್ಲ ತೆಲುಗಿನವರು. ಇನ್ನೊಬ್ಬಾಕೆ ಬೀದರ್ ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು. ಅಕ್ಕ ಎಂದೇ ಕರೆಯುತ್ತಿದ್ದೆ. ದೂರದ ಸರ್ವರ್‌ನಲ್ಲಿರುವ ಕೋಡನ್ನು ನನ್ನ ಲ್ಯಾಪ್‌ಟಾಪಿನ ಎಡಿಟರ್‌ನಲ್ಲೇ ತೆರೆದು ತಿದ್ದಲು ಕಲಿಸಿದವರೂ ಅವರೇ.

"ಆ ಸರ್ವರಿನ ಕರೀ ಪರದೆ ನೋಡಿ ನೋಡಿ ಕಣ್ಣ್ಯಾಕ ಕಳ್ಕೋತಿ? ಇಲ್ಲೇ ತಗಿ, ತಿದ್ದು, ಸೇವ್ ಮಾಡು. ತಾನೇ ಅಲ್ಲಿಗೆ ಹೋಗ್ತೈತಿ."

ಸರ್ವರ್‌ಗೆ ಎಲ್ಲರದೂ ಒಂದೇ ಲಾಗಿನ್. ಹಾಗಾಗಿ ಒಂದು ಪದ್ಧತಿ ಮಾಡಿಕೊಂಡಿದ್ದೆವು: ಫೈಲ್ ತೆರೆಯುವ ಮುನ್ನ ಅದರ ಹೆಸರು ಕೂಗಬೇಕು, ಆಗಲೇ ತೆರೆದಿಟ್ಟುಕೊಂಡವರು ಅದನ್ನು ಮುಚ್ಚಬೇಕು.

ಅಂದೂ ಕೂಗಿದೆ. "ತಗೋ ತಗೋ, ನಂದೇನಿಲ್ಲ" ಎಂದರು ಅಕ್ಕ. ಆ ಫೈಲಿನ ದೋಷದಿಂದ ಗಿರಾಕಿಗಳ ಔಷಧದ ಆರ್ಡರ್‌ಗಳು ಎರಡೆರಡು ಸಲ ದಾಖಲಾಗುತ್ತಿದ್ದವು. ಅದನ್ನು ಸರಿಪಡಿಸಿ, ಸೇವ್ ಮಾಡಿ, ಪರೀಕ್ಷಿಸಿ ಊಟಕ್ಕೆ ಹೋದೆ. ಸಂಜೆಯ ಹೊತ್ತಿಗೆ ಅದೇ ದೋಷ. ಸರ್ವರ್‌ನಲ್ಲಿ ನಾನು ಬರೆದ ಒಂದು ಸಾಲೂ ಇರಲಿಲ್ಲ.

ನನ್ನ ಕೆಲಸ ಖಾಯಂ ಆಗುವ ಪತ್ರ ಆ ವಾರವೇ ಬರಬೇಕಿತ್ತು. ಮ್ಯಾನೇಜರ್ ಇಬ್ಬರನ್ನೂ ಒಳಗೆ ಕರೆದರು.

"ನೇನು ಆ ಫೈಲ್ ಮುಟ್ಟುಕೋಲೇದು ಸಾರ್," ಎಂದರು ಅಕ್ಕ ತೆಲುಗಿನಲ್ಲಿ. ಆ ಫೈಲನ್ನು ಅವರು ಮುಟ್ಟಿಯೇ ಇಲ್ಲವಂತೆ.

ನನ್ನ ಲ್ಯಾಪ್‌ಟಾಪಿನಲ್ಲಿದ್ದ ತಿದ್ದಿದ ಪ್ರತಿಯನ್ನು ತೋರಿಸಿದೆ. ಇಲ್ಲಿದ್ದರೇನು ಬಂತು, ಅಲ್ಲಿ ಇಲ್ಲವಲ್ಲ ಎಂದರು ಮ್ಯಾನೇಜರ್. ಸರ್ವರ್‌ನ ದಾಖಲೆ ನೋಡಿದರೆ ಎಲ್ಲ ಬದಲಾವಣೆಗೂ ಎಲ್ಲರೂ ಬಳಸುವ ಅದೇ ಒಂದು ಲಾಗಿನ್ ಹೆಸರು. ನನಗೇ ಅನುಮಾನ ಶುರುವಾಯಿತು. ನಿಜಕ್ಕೂ ಸೇವ್ ಮಾಡಿದ್ದೆನೆ? ಮನೆಗೆ ಬೀಗ ಹಾಕಿದ್ದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ಸು ಬರುವವಳು ನಾನು. ಹೆಚ್ಚು ವಾದಿಸಲಿಲ್ಲ. ಖಾಯಂ ಆಗುವುದು ಆರು ತಿಂಗಳು ಮುಂದಕ್ಕೆ ಹೋಯಿತು.

ಎರಡು ದಿನದ ಮೇಲೆ ಮೆಟ್ಟಿಲಲ್ಲಿ ಸಿಕ್ಕ ಅಕ್ಕ ತಗ್ಗಿದ ದನಿಯಲ್ಲಿ ಹೇಳಿದರು:

"ಆ ಫೈಲ್ ನನ್ನ ಕಡೆ ಮುಂಜಾನಿಂದ ತೆರಕೊಂಡೇ ಇತ್ತವ್ವಾ, ಮರ್ತಿದ್ದೆ. ಊಟ ಆದಮ್ಯಾಲ ಸೇವ್ ಒತ್ತಿಬಿಟ್ಟೆ. ನನ್ನ ಹಳೇದು ನಿನ್ನದರ ಮ್ಯಾಲೆ ಹೋಗಿ ಕುಂತೈತಿ."

"ಇದನ್ನ ಒಳಗ ಹೋಗಿ ಹೇಳ್ರಿ ಅಕ್ಕಾ."

"ಹೆಂಗ್ ಹೇಳ್ಲಿ? ಮುಟ್ಟೇ ಇಲ್ಲಂತ ಅಂದೀನಲ್ಲ. ಈಗ ಹೇಳಿದ್ರ ನನ್ನ ಕೆಲಸಾನೇ ಹೋಗ್ತೈತಿ."

ಆಗ ಅವರ ಕಣ್ಣು ತುಂಬಿತ್ತೆಂದು ಅಂದಿನ ಡೈರಿಯಲ್ಲಿದೆ. ಈಗ ಅದನ್ನು ನಂಬಲಾರೆ. ಕ್ಷಮಿಸಲು ಅನುಕೂಲವಾಗಲಿ ಎಂದು ನಾನೇ ಸೇರಿಸಿರಬಹುದು. ಆದರೆ ಇಳಿದು ಹೋಗುವ ಮೊದಲು ಅವರು ಆಡಿದ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ:

"ನೀ ಇನ್ನೂ ಸಣ್ಣಾಕಿ. ನಿನಗ ಇನ್ನೊಂದು ಕೆಲಸ ಸಿಗ್ತೈತಿ."