ಕೋಳಿಯ ಹೆಸರಿನಲ್ಲೊಂದು ಆಳೆತ್ತರದ ಗೂಡು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಶ್ಮಬೋಲೊ ಹಳ್ಳಿಯ ಸಫರ್ಮೊ ಅವರ ಅಂಗಳದಲ್ಲಿ ಬಡಗಿ ನಜರ್ಮದ್ ಹೆಗಲ ಮೇಲೆ ಒಂದು ಬಾಗಿಲು ಹೊತ್ತು ನಿಂತಿದ್ದಾರೆ. ಕೋಳಿಗೂಡಿನ ಎರಡನೇ ಬಾಗಿಲು. ಅದನ್ನು ಕೂರಿಸಿಬಿಟ್ಟರೆ ಈ ಗೂಡಿನ ಕೆಲಸ ಮುಗಿದಂತೆ. ಆದರೆ ಅವರು ಬಾಗಿಲನ್ನು ಕೆಳಗಿಳಿಸುತ್ತಿಲ್ಲ, ಗೂಡಿನ ಚಾವಣಿಯನ್ನೇ ನೋಡುತ್ತಿದ್ದಾರೆ. ನಿನ್ನೆ ಸಂಜೆ ಅವರು ಮನೆಗೆ ಹೊರಟಾಗ ಅಲ್ಲಿ ತೆಳು ತಗಡು, ಅದರ ಕೆಳಗೆ ಜೊಂಡಿನ ಚಾಪೆ, ಇಷ್ಟೇ ಇತ್ತು. ಈಗ ತಗಡಿನ ಮೇಲೆ ಗೇಣು ದಪ್ಪಕ್ಕೆ ಹಸಿ ಮಣ್ಣು ಮೆತ್ತಿದೆ. ಮೆತ್ತಿದವರು ಪ್ರೀತಿಯಿಂದಲೇ ಮೆತ್ತಿದ್ದಾರೆ, ಅಂಚುಗಳನ್ನು ಅಂಗೈಯಿಂದ ನುಣ್ಣಗೆ ಸವರಿದ್ದಾರೆ.

"ಯಾರು ಮಾಡಿದ್ದು ಇದು?" ಎಂದು ಕೇಳುತ್ತಾ ಹಣೆಯ ಬೆವರು ಒರೆಸಿಕೊಳ್ಳುತ್ತಾರೆ. ಗೂಡಿನೊಳಗಿಂದ ಯಾರೋ ಕೆಮ್ಮುತ್ತಾರೆ. ಒಳಗೆ ಸಫರ್ಮೊ ಅವರ ಸೊಸೆ ನೊಜನೀನ್ ಹತ್ತಿಯ ರಜಾಯಿ ಹೊದ್ದು ಮಲಗಿದ್ದಾಳೆ. ತುಂಬು ಬಸುರಿ. ಇವತ್ತೋ ನಾಳೆಯೋ ಅನ್ನುವ ದಿನಗಳು.

ಒಂದಿಷ್ಟು ಮಣ್ಣಿಗೆ ಗಟ್ಟಿಮುಟ್ಟಾದ ಗಂಡಸೊಬ್ಬ ಹೀಗೆ ಬೆವರಬೇಕೇ ಎಂದು ನೀವು ಕೇಳಬಹುದು. ಅದನ್ನು ಹೇಳಬೇಕಾದರೆ ನಮ್ಮ ಕಣಿವೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತೊಂದನ್ನು ನಾನು ಬರೆಯಲೇಬೇಕು: ಭೂಕಂಪ. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತದೆ ಎಂಬ ಭಯ ನಮಗೆ. ಹಾಗಾಗಿ "ಅದು" ಅನ್ನುತ್ತೇವೆ. ಈ ವಸಂತದಿಂದ ಅದು ಸಣ್ಣಸಣ್ಣದಾಗಿ ಬಂದುಹೋಗುತ್ತಲೇ ಇದೆ. ಬಟ್ಟಲುಗಳು ಕಿಣಿಕಿಣಿ ಅನ್ನುತ್ತವೆ, ಗೋಡೆಯಿಂದ ಒಂದು ಹಿಡಿ ಧೂಳು ಉದುರುತ್ತದೆ, ಮತ್ತೆ ಎಲ್ಲ ಸುಮ್ಮನಾಗುತ್ತದೆ. ಆ ಸುಮ್ಮನಿರುವಿಕೆಯೇ ನನಗಂತೂ ಹೆಚ್ಚು ದಿಗಿಲು. ದಿಂಬಿಗೆ ಕಿವಿಯಿಟ್ಟರೆ ನೆಲದೊಳಗೆ ಯಾರೋ ಗಾಡಿ ಎಳೆದಂತೆ ಕೇಳುತ್ತದೆ. ಆಮೇಲೆ ಅದು ನನ್ನ ಎದೆಬಡಿತವೇ ಎಂದು ಗೊತ್ತಾಗುತ್ತದೆ.

ಉಸ್ತೊ, ಅಂದರೆ ಕಸುಬುದಾರ, ಎಂದೇ ಊರು ನಜರ್ಮದ್ ಅವರನ್ನು ಕರೆಯುವುದು. ಅವರ ಬಗ್ಗೆ ಬರೆಯಲೆಂದೇ ನಾನೂ ಈ ಅಂಗಳಕ್ಕೆ ಬಂದಿದ್ದೇನೆ. ಅವರು ಕಟ್ಟುವುದು ಕೋಳಿಗೂಡು ಮಾತ್ರ. ಆದರೆ ಆ ಗೂಡನ್ನು ಒಮ್ಮೆ ನೋಡಬೇಕು. ತಲೆಗೆ ಟೋಪಿ ಹಾಕಿದ ಆಳು ಬಗ್ಗದೆ ಒಳಗೆ ಹೋಗಬಹುದು. ಯಾಕಿಷ್ಟು ಎತ್ತರ ಎಂದರೆ, ಗುಡಿಸುವವರ ಸೊಂಟ ಹಿಡಿಯಬಾರದಲ್ಲ ಅನ್ನುತ್ತಾರೆ. ಎರಡು ಬಾಗಿಲು, ಎರಡೂ ಹೊರಕ್ಕೆ ತೆರೆಯುವಂಥವು, ಅಗುಳಿಯನ್ನು ಒಳಗಿನಿಂದಲೂ ತೆಗೆಯಬಹುದು. ಯಾಕೆ ಎಂದರೆ, ಗಾಳಿಯಾಡಲಿ ಎಂದು. ಕೋಳಿಗಳು ರಾತ್ರಿ ಕೂರುವ ಅಡ್ಡಗಳಗಳನ್ನು ಒಂದೇ ಕೈಯಲ್ಲಿ ಎತ್ತಿ ಮೂಲೆಗಿಡಬಹುದು. ತೊಳೆಯಲು ಸುಲಭವಂತೆ. ಮೊಟ್ಟೆಯಿಡುವ ಪೆಟ್ಟಿಗೆಗಳಿಗೆ ದಪ್ಪ ಹಲಗೆಯ ಮುಚ್ಚಳ, ಮೇಲೆ ನಾಲ್ಕು ಜನ ಆರಾಮಾಗಿ ಕೂರಬಹುದು. ಅದಕ್ಕೂ ಅವರ ಬಳಿ ಕೋಳಿಯ ಕಾರಣವೇ ಇದೆ: ಹೇಂಟೆಗೆ ಕತ್ತಲಾದರೆ ಮೊಟ್ಟೆ ಸಲೀಸು. ಸುತ್ತಲೂ ನೆಲದಡಿಗೆ ಮೊಳದಷ್ಟು ಇಳಿಬಿಟ್ಟ ಜಾಲರಿ ಮಾತ್ರ ನಿಜಕ್ಕೂ ನರಿಗಾಗಿಯೇ.

ಗೂಡು ಮನೆಯಿಂದ ದೂರ ಇರಬೇಕು. ಎಷ್ಟು ದೂರ ಎಂದರೆ, ಮನೆ ಅಡ್ಡಬಿದ್ದರೂ ಅದರ ಕಲ್ಲು ಗೂಡಿಗೆ ತಾಗದಷ್ಟು. ಇದನ್ನೂ ಅವರು ಹೇಳುವುದಿಲ್ಲ, ವಾಸನೆ ಬರುತ್ತದೆ ಅನ್ನುತ್ತಾರೆ. ಹಿಮದಲ್ಲಿ ಮೊಟ್ಟೆ ತರಲು ಅಷ್ಟು ದೂರ ನಡೆಯಬೇಕಲ್ಲ ಎಂದು ಹೆಂಗಸರು ಬೈಯುತ್ತಾರೆ. ಬೈದುಕೊಂಡೇ ಕಟ್ಟಿಸಿಕೊಳ್ಳುತ್ತಾರೆ. ಐದೇ ಕೋಳಿ ಇದ್ದವರೂ ಮನೆಮಂದಿಯೆಲ್ಲ ಹಿಡಿಸುವಂಥ ಗೂಡು ಕೇಳುತ್ತಾರೆ. ಯಾಕೆಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಈ ಕಸುಬು ಅವರಿಗೆ ಯಾರೂ ಕಲಿಸಿದ್ದಲ್ಲ. ಚಿಕ್ಕಂದಿನಲ್ಲಿ ಬೆಳಿಗ್ಗೆ ಕೋಳಿ ಬಿಡುವುದು ಅವರ ಪಾಲಿನ ಕೆಲಸವಾಗಿತ್ತು. ಆಗಿನ ಗೂಡು ಮೊಣಕಾಲೆತ್ತರದ್ದು, ಹಸಿ ಕಡ್ಡಿ ಹೆಣೆದದ್ದು. ಒಂದು ಬೆಳಿಗ್ಗೆ ಬೋರಲು ಬಿದ್ದು ಒಳಗೆ ಕೈಹಾಕಿ ಮೊಟ್ಟೆ ತಡಕುತ್ತಿದ್ದಾಗ ಅದು ಬಂತು. ಮನೆಯ ಚಾವಣಿಗೆ ಅವರ ಅಜ್ಜ, ಅಜ್ಜನ ಅಪ್ಪ, ಎಲ್ಲರೂ ವರ್ಷಕ್ಕೊಂದರಂತೆ ಮಣ್ಣಿನ ಪದರ ಮೆತ್ತಿದ್ದರು. ಅಷ್ಟೂ ಒಟ್ಟಿಗೆ ಕೆಳಗಿಳಿಯಿತು. ಒಳಗೆ ಅಜ್ಜಿ ಇದ್ದರು, ತಾಯಿ ಇದ್ದರು.

"ಮನೆ ಹಂಗೇ ಕೂತ್ಕೊಂಡ್ಬಿಡ್ತು," ಎನ್ನುತ್ತಾರೆ ನಜರ್ಮದ್. "ಗೂಡು ಮಾತ್ರ ಈ ಕಡೆ ವಾಲ್ತು, ಆ ಕಡೆ ವಾಲ್ತು, ಆಮೇಲೆ ನೆಟ್ಟಗೆ ನಿಂತ್ಕೊಳ್ತು. ಕೋಳಿ ಎಲ್ಲಾ ಬದುಕಿದ್ವು. ನಾನು ನನ್ನ ಕಣ್ಣಾರೆ ನೋಡಿದೀನಿ. ನಮ್ಮಮ್ಮ ಅದ್ರೊಳಗೆ ಹಿಡಿಸ್ತಿರ್ಲಿಲ್ಲ, ಅಷ್ಟೇ."

ಹಾಗಾಗಿ ಅವರ ಗೂಡಿನಲ್ಲಿ ಕಲ್ಲಿಲ್ಲ. ಪಾಪ್ಲರ್ ಮರದ ಕಂಬಗಳು, ಕಂಬಕಂಬಕ್ಕೂ ಓರೆಯಾಗಿ ಕೊಟ್ಟ ಆಸರೆ ಕಟ್ಟಿಗೆಗಳು, ನಡುವೆ ಹೆಣೆದ ಕಡ್ಡಿ, ಮೇಲೆ ಹಗುರ ತಗಡು. ಊರಿನ ಗಂಡಸರ ಪೈಕಿ ತಾನೇ ದೊಡ್ಡ ಪುಕ್ಕಲ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಹೆಂಡತಿ ಸಬ್ಜಗುಲ್‌ಗೆ ಅದೊಂದು ತಮಾಷೆ. ಲಾರಿ ಹಾದುಹೋದರೂ ಈ ಮನುಷ್ಯ ಊಟದ ತಟ್ಟೆ ಹಿಡಿದೇ ಅಂಗಳಕ್ಕೆ ಓಡುತ್ತಾರೆ, ತಟ್ಟೆಯನ್ನು ಮಾತ್ರ ಬಿಡುವುದಿಲ್ಲ ಎಂದು ಕಂಡವರಿಗೆಲ್ಲ ಹೇಳುತ್ತಾರೆ. ಕೋಳಿಗಳಿಗೆ ಮುಂಚೆಯೇ ತಿಳಿಯುತ್ತದಂತೆ ಹೌದೇ ಎಂದು ನಾನು ಕೇಳಿದ್ದಕ್ಕೆ ಉಸ್ತೊ ನಕ್ಕರು. ಕೋಳಿ ದಿನಕ್ಕೆ ನೂರು ಸಲ ಹೆದರುತ್ತದೆ, ಅದನ್ನು ನಂಬಿದರೆ ಬಾಳಿದ ಹಾಗೆಯೇ ಎಂದರು.

"ನಂಗೆ ಭಯ. ಅದಕ್ಕೇ ಇನ್ನೊಂದು ಮೊಳೆ ಹೊಡೀತೀನಿ. ಧೈರ್ಯ ಇರೋರು ಕಟ್ಟಿದ ಮನೆ ನೋಡಿದೀನಲ್ಲ," ಎನ್ನುತ್ತಾರೆ.

ಈಗ ಸಫರ್ಮೊ ಅವರೇ ಕೆಟಲ್ಲು, ಬಿಸಿ ನಾನ್ ಹಿಡಿದು ಅಂಗಳಕ್ಕೆ ಬರುತ್ತಾರೆ. ಊರಿಗೆಲ್ಲ ಅವರು ಖೋಲಾ, ಚಿಕ್ಕಮ್ಮ. ಮುಖದಲ್ಲಿ ಹೆಮ್ಮೆ ಎದ್ದು ಕಾಣುತ್ತಿದೆ. ನಿನ್ನೆ ಉಸ್ತೊ ಅತ್ತ ಹೋಗಿದ್ದೇ ತಡ, ನೆರೆಯ ಹೆಂಗಸರನ್ನೆಲ್ಲ ಕರೆದು, ಅವರಿಗೆ ಊಟ ಹಾಕಿ, ಮಣ್ಣು ಮೆತ್ತಿಸಿದ್ದಾರೆ. ಬೋಳು ತಗಡಿನ ಕೆಳಗೆ ಸೊಸೆಯನ್ನು ಮಲಗಿಸಿದರೆ ನಾಲ್ಕು ಜನ ಏನಂದಾರು? ಮೇಲಾಗಿ ಬಾಣಂತಿಗೆ ಚಳಿ ಸೋಕಬಾರದು.

ಉಸ್ತೊ ಬಾಗಿಲನ್ನು ಕೆಳಗಿಳಿಸಿ, ಮೊದಲು ನೊಜನೀನ್‌ಳನ್ನು ಹೊರಗೆ ಬರಹೇಳುತ್ತಾರೆ. ಆಮೇಲೆ ತಮ್ಮ ಕೋಳಿಯ ಕಾರಣಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಮಣ್ಣು ತೇವ ಹಿಡಿಯುತ್ತದೆ, ಕೋಳಿಗೆ ಹೇನು ಬೀಳುತ್ತದೆ ಎನ್ನುತ್ತಾರೆ. ಬೂದಿ ಹಾಕುತ್ತೇನೆ ಎಂದು ಖೋಲಾ. ಬೇಸಿಗೆಯಲ್ಲಿ ಸೆಕೆಗೆ ಮೊಟ್ಟೆ ನಿಲ್ಲುತ್ತದೆ ಎನ್ನುತ್ತಾರೆ. ಮಣ್ಣು ತಂಪು ಎಂದು ಖೋಲಾ, ಅದೂ ನಿಜವೇ. ನನ್ನ ಕೋಳಿ ನನ್ನ ಮಣ್ಣು, ನಿನಗ್ಯಾಕೆ ಈ ಉಸಾಬರಿ, ಚಹಾ ಕುಡಿ ಎಂದು ಬಟ್ಟಲು ಮುಂದೆ ಹಿಡಿಯುತ್ತಾರೆ. ಉಸ್ತೊ ಬಟ್ಟಲು ತೆಗೆದುಕೊಳ್ಳುವುದಿಲ್ಲ. ಅವರ ಬಳಿ ಕೋಳಿಗಳು ಮುಗಿದುಹೋಗಿವೆ.

"ಖೋಲಾ, ಇದು ಕೋಳಿಗಲ್ಲ," ಎನ್ನುತ್ತಾರೆ. "ಭೂಕಂಪಕ್ಕೆ ಕಟ್ಟಿದ್ದು. ಈ ಮಣ್ಣು ನಿಮ್ಮ ಸೊಸೆ ಮೇಲೆ ಬೀಳುತ್ತೆ. ನಮ್ಮಮ್ಮನ ಮೇಲೆ ಬಿದ್ದಿದ್ದು ಇದೇ ಮಣ್ಣು."

ಆ ಶಬ್ದ ಅಂಗಳದಲ್ಲಿ ಬಿದ್ದಾಗ ನಾನೇ ಬೆಚ್ಚಿ ಗೋಡೆಯಿಂದ ದೂರ ಸರಿಯುತ್ತೇನೆ. ಖೋಲಾ ಕೆಟಲ್ಲನ್ನು ನೆಲಕ್ಕಿಟ್ಟು, ಸೊಸೆಯ ಹೊಟ್ಟೆಯನ್ನೊಮ್ಮೆ, ಚಾವಣಿಯನ್ನೊಮ್ಮೆ ನೋಡುತ್ತಾರೆ.

"ಗೊತ್ತು ಕಣಪ್ಪಾ, ಯಾರಿಗೆ ಗೊತ್ತಿಲ್ಲ," ಎನ್ನುತ್ತಾರೆ. "ಕೋಳಿಗೆ ಕೋಳಿಗೆ ಅಂತ ಹೇಳ್ಕೊಂಡು ನಾನೇ ನಂಬಿಬಿಟ್ಟಿದ್ದೆ. ಮೇಲಿಂದ ಚಳಿ ಬೀಳುತ್ತೆ ಅಂತ ಹೊಳೀತು. ಮಣ್ಣೂ ಬೀಳುತ್ತೆ ಅಂತ ಹೊಳೀಲೇ ಇಲ್ಲ."

ಗುದ್ದಲಿ ತಂದವರು ಖೋಲಾ ಅವರೇ. ಏಣಿ ಹತ್ತಿದವರು ಉಸ್ತೊ. ಅರ್ಧ ಮಣ್ಣು ಕೆರೆದು ಕೆಳಗೆ ತಳ್ಳಿದ್ದಾರೆ, ಅಷ್ಟರಲ್ಲಿ ನೆಲದಲ್ಲಿಟ್ಟ ಕೆಟಲ್ಲಿನ ಮುಚ್ಚಳ ತಾನಾಗಿ ತಟತಟ ಅನ್ನತೊಡಗುತ್ತದೆ. ಉಸ್ತೊ ಏಣಿಯಿಂದ ಹಾರಿ, ಒಂದು ಬಾಗಿಲಿನ್ನೂ ಕೂರದ ಗೂಡಿನೊಳಗೆ, ಮಣ್ಣು ಕೆರೆದ ಕಡೆಗೆ ನಮ್ಮನ್ನೆಲ್ಲ ನೂಕಿ, ಇನ್ನೂ ಮಣ್ಣಿರುವ ಮೂಲೆಗೆ ತಾವು ಹೋಗಿ ನಿಲ್ಲುತ್ತಾರೆ. ಕಂಬಗಳು ಕಿರ್ರನ್ನುತ್ತವೆ. ಗೂಡು ಆ ಕಡೆ ವಾಲುತ್ತದೆ, ಈ ಕಡೆ ವಾಲುತ್ತದೆ. ಒಂದು ದೊಡ್ಡ ಹೆಂಟೆ ಮಣ್ಣು ಅಂಚಿನಿಂದ ಜಾರಿ ಹೊರಗೆ ದಪ್ಪನೆ ಬೀಳುತ್ತದೆ. ನೊಜನೀನ್ ನನ್ನ ತೋಳು ಹಿಡಿದಿದ್ದಾಳೆ, ಕಣ್ಣು ಬಿಟ್ಟಿಲ್ಲ. ಉಸ್ತೊ ಕಂಬವನ್ನು ತಬ್ಬಿಕೊಂಡಿದ್ದಾರೆ. ನೆಲ ನಿಂತ ಮೇಲೂ ಅದನ್ನು ಬಿಡುವುದಿಲ್ಲ.

ಸಣ್ಣದೇ ಅದು, ಹಿಂದಿನವುಗಳ ಹಾಗೆ. ಮನೆಯ ಗೋಡೆಯಲ್ಲಿ ಹೊಸದೊಂದು ಬಿರುಕು, ಅಷ್ಟೇ. ಆದರೆ ಬೇಲಿಯಾಚೆಯಿಂದ ನಿನ್ನೆ ಮಣ್ಣು ಮೆತ್ತಿದ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಕೆರೆದ ಚಾವಣಿಯನ್ನು, ಉಸ್ತೊ ಅವರ ಗುದ್ದಲಿಯನ್ನು ನೋಡುತ್ತಾರೆ. ಒಬ್ಬಾಕೆ ತಲೆ ತಗ್ಗಿಸಿ ಮೆಲ್ಲಗೆ ಹೇಳುತ್ತಾರೆ: "ನಮ್ಮದಕ್ಕೂ ಹಾಕಿದೀವಿ, ಉಸ್ತೊ. ಹೋದ ಶರತ್ಕಾಲದಲ್ಲೇ." ಆಮೇಲೆ ಇನ್ನೊಬ್ಬಾಕೆ, ಮತ್ತೊಬ್ಬಾಕೆ. ಇಷ್ಟು ವರ್ಷ ಕಟ್ಟಿದ ಗೂಡುಗಳಲ್ಲಿ ಎಷ್ಟರ ಮೇಲೆ ಮಣ್ಣು ಏರಿದೆಯೋ ಎಂದು ಲೆಕ್ಕ ಹಾಕುತ್ತಾ ಉಸ್ತೊ ಮಂಕಾಗಿ ಕೂರುತ್ತಾರೆ. ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿತ್ತು ಎಂದು ಯಾರೂ ಹೇಳಬೇಕಾಗಿಲ್ಲ.

ಖೋಲಾ ಅವರ ಗೂಡಿನ ಮೇಲೆ ಈಗ ಮಣ್ಣಿಲ್ಲ. ಚಳಿಗೆಂದು ಒಳಗಡೆ ಕುರಿ ಉಣ್ಣೆಯ ಕಂಬಳಿ ಬಿಗಿದಾಗಿದೆ, ಬಾಗಿಲೂ ಕೂತಿದೆ. ಉಸ್ತೊ ಗುದ್ದಲಿ ಹೆಗಲಿಗೇರಿಸಿ ಪಕ್ಕದ ಮನೆಯತ್ತ ಹೊರಡುತ್ತಾರೆ. ಈ ವಾರ ಹೊಸ ಗೂಡು ಕಟ್ಟುವುದಿಲ್ಲವಂತೆ. ಮನೆಮನೆಗೆ ಹೋಗಿ ಆ ಶಬ್ದ ಹೇಳಬೇಕು, ಮಣ್ಣು ಇಳಿಸಬೇಕು. ಅಷ್ಟರೊಳಗೆ ದೊಡ್ಡದು ಬರದಿರಲಿ ಎನ್ನುತ್ತಾ ನೆಲದ ಕಡೆ ನೋಡುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಜೊತೆಗೆ ನಡೆಯುತ್ತಾ ಕೇಳುತ್ತೇನೆ. ಅವರು ಗುದ್ದಲಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಳ್ಳುತ್ತಾರೆ.

"ಇದೆ," ಎನ್ನುತ್ತಾರೆ. "ನಾನು ಸತ್ತ ಮೇಲೆ ಈ ಊರಿನ ಮೊಮ್ಮಕ್ಕಳು ನಗಬೇಕು. ಎಂಥಾ ಹುಚ್ಚ ಇದ್ದನಪ್ಪ, ಕೋಳಿಗ್ಯಾಕೆ ಇಷ್ಟೆತ್ತರ ಕಟ್ಟಿದ್ದ ಅಂತ."